ಅಳಿವೆ ದಾಟಿದ ಪ್ಲಾಸ್ಟಿಕ್ ಎಲ್ಲಿಗೆ ಹೋಗುತ್ತದೆ?

ಜೂನ್ ತಿಂಗಳ ಮೊದಲ ಜೋರು ಮಳೆಗೆ ನೇತ್ರಾವತಿ, ಫಲ್ಗುಣಿ ಎರಡೂ ಕೆಂಪು ನೀರು ತುಂಬಿಕೊಂಡು ಮಂಗಳೂರಿನ ಬೆಂಗ್ರೆಯ ಅಳಿವೆ ಬಾಗಿಲಿಗೆ, ಅಂದರೆ ನದಿ ಕಡಲು ಸೇರುವಲ್ಲಿಗೆ, ಬರುತ್ತವೆ. ಬೇಸಿಗೆಯಿಡೀ ರಾಜಕಾಲುವೆ, ತೋಡು, ಸೇತುವೆಯ ಬುಡಗಳಲ್ಲಿ ಕೂಡಿಬಿದ್ದಿದ್ದ ಹಾಲಿನ ತೊಟ್ಟೆ, ಗುಟ್ಕಾ ಪ್ಯಾಕೆಟ್ಟು, ನೀರಿನ ಬಾಟಲಿ, ಥರ್ಮಾಕೋಲ್ ಪೆಟ್ಟಿಗೆಯ ಚೂರು ಎಲ್ಲವೂ ಆ ನೀರಿನಲ್ಲಿರುತ್ತವೆ. ವರ್ಷದ ಕಸದ ದೊಡ್ಡ ಪಾಲು ಈ ಮೊದಲ ಕೆಲವು ನೆರೆಗಳಲ್ಲೇ ಕಡಲು ಸೇರುತ್ತದೆ. ಅಲ್ಲಿಂದ ಮುಂದಿನ ಕಥೆ ಹೆಚ್ಚಿನವರ ಮನಸ್ಸಿನಲ್ಲಿ ಒಂದೇ: ಎಲ್ಲ ತೇಲುತ್ತಾ ಹೋಗಿ ಪೆಸಿಫಿಕ್ ಸಾಗರದ ನಡುವೆ ಎಲ್ಲೋ ಒಂದು ಪ್ಲಾಸ್ಟಿಕ್ ದ್ವೀಪವಾಗಿ ನಿಂತಿದೆ ಎನ್ನುವುದು. ಈ ಕಲ್ಪನೆ ತಪ್ಪು. ತಪ್ಪಾಗಿರುವುದಷ್ಟೇ ಅಲ್ಲ, ಕೆಲಸ ಎಲ್ಲಿ ಆಗಬೇಕೋ ಅಲ್ಲಿಂದ ಗಮನವನ್ನು ಹತ್ತು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಆಚೆಗೆ ಒಯ್ಯುತ್ತದೆ.

ಕ್ಯಾಲಿಫೋರ್ನಿಯಾ ಮತ್ತು ಹವಾಯಿ ನಡುವಿನ ಆ ಕಸದ ಪ್ರದೇಶವನ್ನು ಹಡಗು, ವಿಮಾನ ಎರಡರಿಂದಲೂ ಅಳೆದು 2018ರಲ್ಲಿ ಲೆಕ್ಕ ಕೊಟ್ಟರು. ವಿಸ್ತಾರ 16 ಲಕ್ಷ ಚದರ ಕಿಲೋಮೀಟರ್, ತೇಲುವ ಪ್ಲಾಸ್ಟಿಕ್ ಸುಮಾರು 79,000 ಟನ್. ಭಾಗಿಸಿ ನೋಡಿದರೆ ಒಂದು ಚದರ ಕಿಲೋಮೀಟರಿಗೆ ಬರುವುದು 50 ಕೆಜಿಯಷ್ಟು. ದ್ವೀಪವೂ ಇಲ್ಲ, ಕಾಲಿಡುವ ನೆಲವೂ ಇಲ್ಲ. ಹಡಗಿನ ಮೇಲಿಂದ ನೋಡಿದರೆ ಬರೀ ನೀಲಿ ನೀರು. ತೂಕದಲ್ಲಿ ಅದರ ಅರ್ಧಕ್ಕೆ ಹತ್ತಿರ, ಶೇ. 46, ಮೀನುಬಲೆಗಳು.

ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಡಿ. 2010ರ ಒಂದೇ ವರ್ಷದಲ್ಲಿ 192 ಕರಾವಳಿ ದೇಶಗಳಿಂದ ಕಡಲು ಸೇರಿದ ಪ್ಲಾಸ್ಟಿಕ್ 48 ಲಕ್ಷದಿಂದ 1 ಕೋಟಿ 27 ಲಕ್ಷ ಟನ್ ಎಂದು 2015ರ ಅಂದಾಜು ಹೇಳಿತು. ನದಿಗಳನ್ನೇ ಮುಖ್ಯವಾಗಿ ನೋಡಿದ 2021ರ ಅಧ್ಯಯನ ಇದನ್ನು ವರ್ಷಕ್ಕೆ 8ರಿಂದ 27 ಲಕ್ಷ ಟನ್ನಿಗೆ ಇಳಿಸಿತು. 2023ರ ಇನ್ನೊಂದು ಲೆಕ್ಕ ವರ್ಷಕ್ಕೆ ಸುಮಾರು 5 ಲಕ್ಷ ಟನ್ ಎಂದಿತು. ಅತಿ ಕಡಿಮೆಯ ಅಂಕಿಯನ್ನೇ ಹಿಡಿದರೂ ದಶಕಗಳ ಕಸಕ್ಕೂ, ಸಾಗರದ ನಡುವೆ ತೇಲುತ್ತಿರುವುದಕ್ಕೂ ತಾಳೆಯಾಗುವುದಿಲ್ಲ. ಉಳಿದದ್ದೆಲ್ಲ ಎಲ್ಲಿ ಹೋಯಿತು ಎಂಬುದನ್ನು ಹುಡುಕುತ್ತಲೇ ಈ ಕ್ಷೇತ್ರ ಕಳೆದ ಇಪ್ಪತ್ತು ವರ್ಷ ಬೆಳೆದಿದೆ. ಈಗ ಸಿಗುತ್ತಿರುವ ಉತ್ತರದ ದೊಡ್ಡ ಭಾಗ ಇದು: ಹೆಚ್ಚಿನದು ದೂರ ಹೋಗುವುದೇ ಇಲ್ಲ. ಭೂಮಿಯಿಂದ ಹೊರಟ ತೇಲುವ ಪ್ಲಾಸ್ಟಿಕ್ಕಿನ ಶೇ. 77ಕ್ಕಿಂತ ಕಡಿಮೆಯಿಲ್ಲದ ಪಾಲು ಐದು ವರ್ಷದ ನಂತರವೂ ದಡದ ಮೇಲೆ ಅಥವಾ ದಡಕ್ಕೆ ತಾಗಿದ ನೀರಿನಲ್ಲೇ ಇರುತ್ತದೆ ಎಂದು 2021ರ ಗಣಕ ಮಾದರಿ ತೋರಿಸಿತು. ನೇತ್ರಾವತಿಯಿಂದ ಹೊರಟದ್ದನ್ನು ಹುಡುಕಬೇಕಾದರೆ ಮೊದಲು ಪಣಂಬೂರು, ಉಳ್ಳಾಲ, ಮಂಜೇಶ್ವರದ ಮರಳನ್ನೇ ನೋಡಬೇಕು.

ತೇಲುವುದು, ಮುಳುಗುವುದು

ಕಡಲಿಗೆ ಬಿದ್ದ ವಸ್ತುವಿನ ಹಣೆಬರಹ ಮೊದಲು ನಿರ್ಧಾರವಾಗುವುದು ಅದರ ಸಾಂದ್ರತೆಯಿಂದ. ಕಡಲ ನೀರಿನ ಸಾಂದ್ರತೆ ಘನ ಸೆಂಟಿಮೀಟರಿಗೆ 1.025 ಗ್ರಾಂ. ಹಾಲಿನ ತೊಟ್ಟೆಯ ಪಾಲಿಥೀನ್ 0.91ರಿಂದ 0.97, ಹಗ್ಗ, ಬಿಸ್ಕತ್ತಿನ ಹೊದಿಕೆ, ಡಬ್ಬಿಗಳ ಪಾಲಿಪ್ರೊಪಿಲೀನ್ 0.90. ಇವು ತೇಲುತ್ತವೆ. ನೈಲಾನ್ 1.14, ನೀರಿನ ಬಾಟಲಿಯ ಪೆಟ್ 1.38, ಪೈಪಿನ ಪಿವಿಸಿ 1.3ಕ್ಕಿಂತ ಹೆಚ್ಚು. ಇವು ಮುಳುಗಬೇಕು. ಥರ್ಮಾಕೋಲಿನ ಮೂಲವಸ್ತು ಪಾಲಿಸ್ಟೈರೀನ್ 1.05, ಅಂದರೆ ಅದೂ ಮುಳುಗುವಂಥದ್ದೇ. ಒಳಗೆ ತುಂಬಿದ ಗಾಳಿಯಿಂದಾಗಿ ಮಾತ್ರ ತೇಲುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು. ಒಂದು ಲೀಟರ್ ನೀರಿಗೆ 35 ಗ್ರಾಂ ಉಪ್ಪು ಕದಡಿ. ಒಂದು ನೀರಿನ ಬಾಟಲಿಯ ಮುಚ್ಚಳವನ್ನೂ, ಬಾಟಲಿಯ ಮೈಯಿಂದ ಕತ್ತರಿಸಿದ ಒಂದು ತುಂಡನ್ನೂ ಹಾಕಿ, ಬೆರಳಿನಿಂದ ಒತ್ತಿ ಗಾಳಿಗುಳ್ಳೆ ಬಿಡಿಸಿ. ಮುಚ್ಚಳ ಮೇಲೆ ಬರುತ್ತದೆ, ಬಾಟಲಿಯ ತುಂಡು ತಳಕ್ಕೆ ಹೋಗುತ್ತದೆ. ಮುಚ್ಚಳ ಹಾಕಿಯೇ ಎಸೆದ ಬಾಟಲಿ ಗಾಳಿ ಇರುವಷ್ಟು ಕಾಲ ತೇಲಿ ದಡಕ್ಕೆ ಬರುತ್ತದೆ. ಮುಚ್ಚಳ ತೆಗೆದು ಎಸೆದದ್ದರಲ್ಲಿ ನೀರು ತುಂಬಿ ಬಾಟಲಿ ಅಳಿವೆಯ ಕೆಸರಿನಲ್ಲೇ ಕೂರುತ್ತದೆ, ಮುಚ್ಚಳವೊಂದೇ ಪ್ರಯಾಣ ಮುಂದುವರಿಸುತ್ತದೆ. ಊರಿಂದ ದೂರದ ಕಡಲದಡಗಳಲ್ಲಿ ಬಾಟಲಿಗಿಂತ ಬಿಡಿ ಮುಚ್ಚಳಗಳೇ ಕಣ್ಣಿಗೆ ಬೀಳುವುದಕ್ಕೆ ಇದೂ ಒಂದು ಕಾರಣ. ದಡದ ಮೇಲಿನ ಕಸವನ್ನಷ್ಟೇ ಎಣಿಸಿ "ಕಡಲಲ್ಲಿ ಇಂಥದ್ದೇ ಹೆಚ್ಚು" ಎಂದು ಹೇಳಿದರೆ ಅರ್ಧ ಸತ್ಯ ಮಾತ್ರ ಹೇಳಿದಂತೆ.

ಮಣಿಪಾಲದ ಸಂಶೋಧಕರು ನೇತ್ರಾವತಿಯ ಉದ್ದಕ್ಕೂ ನೀರು, ತಳದ ಹೂಳು, ದಡದ ಮಣ್ಣು ಮೂರನ್ನೂ ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಘನ ಮೀಟರ್ ನೀರಿಗೆ ಸರಾಸರಿ 288 ಚೂರು, ಒಂದು ಕಿಲೋ ಹೂಳಿಗೆ 96 ಚೂರು ಸಿಕ್ಕವು. ಇವೆಲ್ಲ ಐದು ಮಿಲಿಮೀಟರಿಗಿಂತ ಚಿಕ್ಕವು. ಎಳೆ, ಹಾಳೆ ಚೂರು, ಒಡಕಲು ತುಣುಕು ಎಲ್ಲವೂ ಇವೆ. ಅಂದರೆ ಪುಡಿಯಾಗುವ ಕೆಲಸ ನದಿಯಲ್ಲೇ ಶುರುವಾಗಿರುತ್ತದೆ. ಕಸದ ರಾಶಿಯೇ ಕುಸಿದರೆ ಆಗುವುದು ಬೇರೆಯದೇ ಪ್ರಮಾಣದ ಅನಾಹುತ. 2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯ ತ್ಯಾಜ್ಯ ರಾಶಿ ಜಾರಿ ಮಂದಾರದ ಮನೆ, ತೆಂಗು, ಕಂಗಿನ ತೋಟಗಳನ್ನು ಮುಚ್ಚಿತ್ತು. ಕರಾವಳಿಯಂಥ ಮಳೆ ನಾಡಿನಲ್ಲಿ ಇಳಿಜಾರಿನ ಮೇಲೆ ಕಸ ಸುರಿಯುವುದೆಂದರೆ ಕಡಲಿಗೆ ಸುರಿಯುವುದಕ್ಕೆ ಸ್ವಲ್ಪ ತಡ ಮಾಡಿದಂತೆ, ಅಷ್ಟೇ.

ತೇಲುವುದೂ ಕೊನೆತನಕ ತೇಲುವುದಿಲ್ಲ. ನೀರಿಗೆ ಬಿದ್ದ ಕೆಲವೇ ಗಂಟೆಗಳಲ್ಲಿ ಪ್ಲಾಸ್ಟಿಕ್ಕಿನ ಮೇಲೆ ಬ್ಯಾಕ್ಟೀರಿಯಾಗಳ ಲೋಳೆ ಪದರ ಕೂರುತ್ತದೆ, ಆಮೇಲೆ ಪಾಚಿ, ಬಳಿಕ ಚಿಪ್ಪಿನ ಜೀವಿಗಳು. ತೂಕ ಏರುತ್ತಾ ಹೋಗಿ ಒಂದು ದಿನ ವಸ್ತು ಕೆಳಗಿಳಿಯುತ್ತದೆ. ತೆಳು ತೊಟ್ಟೆಗೆ ತೂಕಕ್ಕೆ ಹೋಲಿಸಿದರೆ ಮೈ ಬಹಳ ವಿಶಾಲ, ಹಾಗಾಗಿ ಅದು ಕೆಲವೇ ವಾರಗಳಲ್ಲಿ ಇಳಿಯತೊಡಗುತ್ತದೆ; ದಪ್ಪ ಕ್ರೇಟು, ಬುರುಡೆ (ಬಲೆಯನ್ನು ತೇಲಿಸುವ ಗುಂಡು), ಹಗ್ಗದ ಉಂಡೆ ವರ್ಷಗಟ್ಟಲೆ ಮೇಲಿರುತ್ತವೆ. ಪೆಸಿಫಿಕ್ ನಡುವೆ ಬಲೆ, ಕ್ರೇಟು ಸಿಗುತ್ತವೆ, ತೊಟ್ಟೆ ಅಪರೂಪ. ಸಣ್ಣ ಚೂರುಗಳಲ್ಲಿ ಇನ್ನೊಂದು ಚಲನೆ ಇದೆ ಎಂದು ಲೆಕ್ಕಾಚಾರಗಳು ಹೇಳುತ್ತವೆ: ಕೆಳಗೆ ಬೆಳಕಿಲ್ಲದೆಡೆ ಪಾಚಿ ಸತ್ತು ಉದುರಿದಾಗ ಚೂರು ಹಗುರಾಗಿ ಮತ್ತೆ ಮೇಲೇಳುತ್ತದೆ, ಮೇಲೆ ಬಂದಾಗ ಮತ್ತೆ ಪಾಚಿ ಹಿಡಿಯುತ್ತದೆ. ಹೀಗಾಗಿ ನೀರಿನ ಮೇಲ್ಮೈಯಲ್ಲಿ ಬಲೆ ಎಳೆದು ತೆಗೆದ ಎಣಿಕೆ ಕಡಲಲ್ಲಿರುವುದರ ಒಂದು ತೆಳು ಪದರದ ಎಣಿಕೆ ಮಾತ್ರ.

ದಡವೇ ಬೀಸುಕಲ್ಲು

ಪ್ಲಾಸ್ಟಿಕ್ ಕಡಲಲ್ಲಿ ಕೊಳೆಯುವುದಿಲ್ಲ, ಒಡೆಯುತ್ತದೆ. ಒಡೆಯುವ ಜಾಗ ಮುಖ್ಯವಾಗಿ ದಡ. ಇಡೀ ವಿಷಯದಲ್ಲಿ ಅತಿ ಕಡಿಮೆ ಗಮನ ಸಿಕ್ಕಿದ, ಆದರೆ ನಮ್ಮ ಕೈಗೆ ಎಟಕುವ ಅಂಶ ಇದೇ.

ಬಿಸಿಲಿನ ನೇರಳಾತೀತ ಕಿರಣ ಪಾಲಿಥೀನ್, ಪಾಲಿಪ್ರೊಪಿಲೀನ್‌ಗಳ ಉದ್ದುದ್ದ ಸರಪಳಿಯನ್ನು ತಾಗಿದಾಗ ಅಲ್ಲಿ ಆಮ್ಲಜನಕ ಸೇರಿಕೊಂಡು ಸರಪಳಿ ತುಂಡಾಗುತ್ತದೆ. ಸರಪಳಿ ಗಿಡ್ಡವಾದಷ್ಟೂ ವಸ್ತು ಬಾಗುವ ಗುಣ ಕಳೆದುಕೊಂಡು ಪೆಡಸಾಗುತ್ತದೆ, ಮೇಲ್ಮೈ ಸುಣ್ಣ ಬಳಿದಂತೆ ಬಿಳಿಚಿಕೊಂಡು ಬಿರುಕು ಬಿಡುತ್ತದೆ. ಈ ಕ್ರಿಯೆಗೆ ಬೆಳಕು, ಬಿಸಿ, ಆಮ್ಲಜನಕ ಮೂರೂ ಬೇಕು. ಅರಬ್ಬಿ ಸಮುದ್ರದ ನೀರು ಬೇಸಿಗೆಯಲ್ಲೂ 30 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಮೇಲಾಗಿ ಪಾಚಿಯ ಪದರ ಬೆಳಕನ್ನು ತಡೆಯುತ್ತದೆ. ಏಪ್ರಿಲ್ ಮಧ್ಯಾಹ್ನದ ಮರಳು ಬರಿಗಾಲಿಡಲಾರದಷ್ಟು ಕಾಯುತ್ತದೆ. ಅದೇ ಡಬ್ಬಿ ನೀರಲ್ಲಿದ್ದರೆ ವರ್ಷಗಟ್ಟಲೆ ಗಟ್ಟಿಯಾಗಿರುವುದು, ದಡದಲ್ಲಿದ್ದರೆ ಒಂದೆರಡು ಬೇಸಿಗೆಯಲ್ಲಿ ಹಿಡಿದರೆ ಮುರಿಯುವ ಸ್ಥಿತಿಗೆ ಬರುತ್ತದೆ. ಆಳಕ್ಕೆ ಹೋದರೆ ಬೆಳಕೂ ಇಲ್ಲ, ಬಿಸಿಯೂ ಇಲ್ಲ. ಒಡೆಯುವುದು ಬಹುತೇಕ ನಿಂತೇಹೋಗುತ್ತದೆ.

ಬಿಸಿಲು ಪೆಡಸು ಮಾಡಿದ್ದನ್ನು ಪುಡಿ ಮಾಡುವುದು ಅಲೆ ಮತ್ತು ಮರಳು. ಕೊರಿಯಾದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪ್ಲಾಸ್ಟಿಕ್ ಗುಳಿಗೆಗಳನ್ನು ಪ್ರಯೋಗಾಲಯದಲ್ಲಿ 12 ತಿಂಗಳು ನೇರಳಾತೀತ ಬೆಳಕಿಗೆ ಒಡ್ಡಿ, ಆಮೇಲೆ ಎರಡು ತಿಂಗಳು ಮರಳಿನೊಂದಿಗೆ ಉರುಳಿಸಿದರು. ಪಾಲಿಥೀನ್ ಗುಳಿಗೆಯೊಂದರಿಂದ ಹುಟ್ಟಿದ್ದು ಸುಮಾರು 20 ಚೂರು. ಪಾಲಿಪ್ರೊಪಿಲೀನ್ ಗುಳಿಗೆಯೊಂದರಿಂದ ಸುಮಾರು 6,000. ದೋಣಿಯ ಹಗ್ಗ, ಸಿಮೆಂಟ್ ಚೀಲಗಳು ಹೆಚ್ಚಾಗಿ ಈ ಎರಡನೆಯ ಜಾತಿಯವು. ಮರಳಿನಲ್ಲಿ ಅರ್ಧ ಹೂತು, ಬಣ್ಣ ಹೋಗಿ, ಮುಟ್ಟಿದರೆ ಬೆರಳಿಗೆ ನೀಲಿ ಎಳೆ ಅಂಟಿಸುವ ಹಗ್ಗವನ್ನು ಕರಾವಳಿಯಲ್ಲಿ ಯಾರಾದರೂ ನೋಡಿರುತ್ತಾರೆ. ಅದನ್ನು ಎಳೆದರೆ ಕೈಗೆ ಬರುವುದಕ್ಕಿಂತ ಹೆಚ್ಚು ಎಳೆಗಳು ಮರಳಲ್ಲೇ ಉಳಿಯುತ್ತವೆ. ಒಂದು ಬೇಸಿಗೆ ಮೊದಲೇ ಹೆಕ್ಕಿದ್ದರೆ ಅದು ಒಂದೇ ವಸ್ತುವಾಗಿ ಚೀಲಕ್ಕೆ ಬರುತ್ತಿತ್ತು.

"ಬಾಟಲಿ ಕರಗಲು 450 ವರ್ಷ, ತೊಟ್ಟೆಗೆ 20 ವರ್ಷ" ಎಂದು ಶಾಲೆ ಗೋಡೆಗಳ ಮೇಲಿರುವ ಪಟ್ಟಿಗಳನ್ನು ಹಾಗೇ ನಂಬಬೇಡಿ. ಪ್ಲಾಸ್ಟಿಕ್ ದೊಡ್ಡ ಪ್ರಮಾಣದಲ್ಲಿ ತಯಾರಾಗತೊಡಗಿದ್ದೇ 1950ರ ನಂತರ. 450 ವರ್ಷ ಕಾದು ನೋಡಿದವರು ಯಾರೂ ಇಲ್ಲ. ಅದೇ ಬಾಟಲಿಗೆ ಬಿಸಿಲ ದಡದಲ್ಲಿ ಒಂದು ಆಯುಷ್ಯ, ಮೂರು ಸಾವಿರ ಮೀಟರ್ ಆಳದಲ್ಲಿ ಇನ್ನೊಂದು. "ಕೊಳೆಯುವ" ತೊಟ್ಟೆಯ ಮೇಲೂ ಭರವಸೆ ಇಡುವಂತಿಲ್ಲ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು ಮೂರು ವರ್ಷ ಕಡಲ ನೀರಿನಲ್ಲೂ ಮಣ್ಣಿನಲ್ಲೂ ಇಟ್ಟ ಜೈವಿಕವಾಗಿ ಕೊಳೆಯುತ್ತದೆಂಬ ಮುದ್ರೆಯ ತೊಟ್ಟೆಗಳು ಆಮೇಲೂ ಅಂಗಡಿ ಸಾಮಾನು ಹೊರುವಷ್ಟು ಗಟ್ಟಿಯಾಗಿದ್ದವು ಎಂದು 2019ರಲ್ಲಿ ವರದಿಯಾಯಿತು. ಜೋಳದ ಪಿಷ್ಟದಿಂದ ಮಾಡಿದ ಪಿಎಲ್‌ಎ ಕೊಳೆಯಲು ಸುಮಾರು 58 ಡಿಗ್ರಿ ಬಿಸಿಯ ಗೊಬ್ಬರ ಘಟಕ ಬೇಕು. ಕಡಲಿಗೆ ಬಿದ್ದರೆ ಅದೂ ತಳಕ್ಕಿಳಿದು ಕೂರುತ್ತದೆ.

ದಡದ ಬಗ್ಗೆ ಒಂದು ಸಮಾಧಾನದ ಅಂಕಿಯೂ ಇದೆ. 2023ರ ಆ ಲೆಕ್ಕದ ಪ್ರಕಾರ ಕಡಲಲ್ಲೂ ದಡದಲ್ಲೂ ಇರುವ ತೇಲುವ ಜಾತಿಯ ಪ್ಲಾಸ್ಟಿಕ್ ಒಟ್ಟು 32 ಲಕ್ಷ ಟನ್. ತೂಕದಲ್ಲಿ ಅದರ ಶೇ. 90ಕ್ಕೂ ಹೆಚ್ಚು ಪಾಲು ಇನ್ನೂ 25 ಮಿಲಿಮೀಟರಿಗಿಂತ ದೊಡ್ಡ ತುಂಡುಗಳಾಗಿಯೇ ಇದೆ, ಅಂದರೆ ಕೈಯಿಂದ ಹೆಕ್ಕಬಹುದಾದ ಗಾತ್ರ. ಪುಡಿಯಾದ ಮೇಲೆ ಹೆಕ್ಕುವ ದಾರಿ ಇಲ್ಲ.

ಸೆಳವು ಹೇಳುವ ದಿಕ್ಕು

ಭಾರತದ ಪಶ್ಚಿಮ ಕರಾವಳಿಯ ಸೆಳವು ವರ್ಷಕ್ಕೆ ಎರಡು ಬಾರಿ ದಿಕ್ಕು ಬದಲಿಸುತ್ತದೆ. ನೈಋತ್ಯ ಮುಂಗಾರಿನಲ್ಲಿ ದಕ್ಷಿಣಕ್ಕೆ, ನವೆಂಬರಿನಿಂದ ಫೆಬ್ರವರಿ ತನಕ ಉತ್ತರಕ್ಕೆ. ಮುಂಗಾರಿನ ಗಾಳಿ, ಅಲೆ ಎರಡೂ ತೇಲುವುದನ್ನು ದಡಕ್ಕೆ ತಳ್ಳುತ್ತವೆ. ಹಾಗಾಗಿ ಜೂನಿನಲ್ಲಿ ಕರ್ನಾಟಕದ ನದಿಗಳಿಂದ ಹೊರಟದ್ದು ಕೇರಳದತ್ತ ಸರಿಯುತ್ತಾ ದಾರಿಯುದ್ದಕ್ಕೂ ದಡಕ್ಕೆ ಬೀಳುತ್ತದೆ. ಚಳಿಗಾಲದಲ್ಲಿ ಬಂಗಾಳ ಕೊಲ್ಲಿಯ ನೀರು ಶ್ರೀಲಂಕಾವನ್ನು ಸುತ್ತಿಕೊಂಡು ಪಶ್ಚಿಮ ಕರಾವಳಿಗೆ ಬರುತ್ತದೆ. ಕಾವೇರಿ ಕೊಳ್ಳದ ಊರುಗಳ ಕಸಕ್ಕೂ ಈ ಕಡೆಗೆ ಬರುವ ಒಂದು ದಾರಿ ಇದೆ ಎಂದಾಯಿತು. ಉತ್ತರ ಹಿಂದೂ ಮಹಾಸಾಗರಕ್ಕೆ ಮೂರು ಕಡೆ ಭೂಮಿ. ಪೆಸಿಫಿಕ್ಕಿನಂತೆ ಕಸವನ್ನು ನಡುವಿಗೆ ಸೇರಿಸಿ ಹಿಡಿದಿಡುವ ಸುಳಿ ಇಲ್ಲಿಲ್ಲ, ತಿರುಗಿ ತಿರುಗಿ ದಡವೇ ಸಿಗುತ್ತದೆ.

2025ರ ಮೇ 25ರಂದು ಇದಕ್ಕೊಂದು ಕಹಿ ಸಾಕ್ಷ್ಯ ಸಿಕ್ಕಿತು. ಕೇರಳದ ವಿಳಿಞಂನಿಂದ ಕೊಚ್ಚಿಗೆ ಹೊರಟಿದ್ದ ಎಂಎಸ್‌ಸಿ ಎಲ್ಸಾ 3 ಹಡಗು 640 ಕಂಟೇನರುಗಳೊಂದಿಗೆ ಮುಳುಗಿತು. ಕೆಲವೇ ದಿನಗಳಲ್ಲಿ ತಿರುವನಂತಪುರದ ದಡಗಳಲ್ಲಿ ಬಿಳಿ ಪ್ಲಾಸ್ಟಿಕ್ ಗುಳಿಗೆಗಳು ಹರಡಿಕೊಂಡವು, ಬಳಿಕ ತಮಿಳುನಾಡು, ಶ್ರೀಲಂಕಾ ತೀರಗಳಲ್ಲೂ ಸಿಕ್ಕವು. ಹಡಗು ಮುಳುಗಿದ್ದು ಉತ್ತರದಲ್ಲಿ, ಗುಳಿಗೆ ಬಂದದ್ದು ದಕ್ಷಿಣಕ್ಕೆ. ಮುಂಗಾರಿನ ಸೆಳವು ನಕಾಶೆಯಲ್ಲಿ ಬರೆದಿಟ್ಟಂತೆಯೇ ಕೆಲಸ ಮಾಡಿತ್ತು. ಇದೇ ಅಪಘಾತ ಜನವರಿಯಲ್ಲಿ ಆಗಿದ್ದರೆ ಗುಳಿಗೆಗಳನ್ನು ಕಾಸರಗೋಡು, ಮಂಗಳೂರಿನ ದಡಗಳಲ್ಲಿ ಕಾಯಬೇಕಾಗುತ್ತಿತ್ತು.

ಈ ಗುಳಿಗೆಗಳೇ ಪ್ಲಾಸ್ಟಿಕ್ ಕಾರ್ಖಾನೆಗಳ ಕಚ್ಚಾ ಸಾಮಗ್ರಿ. ಎರಡರಿಂದ ಐದು ಮಿಲಿಮೀಟರ್ ಗಾತ್ರ, ತೂಕ 25 ಮಿಲಿಗ್ರಾಂನ ಆಸುಪಾಸು. ಅಂದರೆ 25 ಕೆಜಿಯ ಒಂದು ಚೀಲ ಒಡೆದರೆ ಹತ್ತು ಲಕ್ಷ ಗುಳಿಗೆ. 2021ರಲ್ಲಿ ಕೊಲಂಬೊ ಹೊರಗೆ ಬೆಂಕಿಗೆ ಸಿಕ್ಕಿ ಮುಳುಗಿದ ಎಕ್ಸ್‌ಪ್ರೆಸ್ ಪರ್ಲ್ ಹಡಗಿನಲ್ಲಿ ಇಂಥ ಗುಳಿಗೆ 1,680 ಟನ್ನಿನಷ್ಟಿತ್ತು. ದಾಖಲಾದವುಗಳಲ್ಲಿ ಜಗತ್ತಿನ ಅತಿ ದೊಡ್ಡ ಗುಳಿಗೆ ಸೋರಿಕೆ ಅದು. ಅಲ್ಲಿ ಅರ್ಧ ಸುಟ್ಟ ಗುಳಿಗೆಗಳೇ ದೊಡ್ಡ ತಲೆನೋವಾದವು: ಕಪ್ಪಗೆ ಕಲ್ಲಿನಂತೆ ಕಾಣುವುದರಿಂದ ಗುರುತು ಸಿಗದು, ಜರಡಿ ಹಿಡಿದರೆ ಪುಡಿಯಾಗಿ ಕೆಳಗಿಳಿಯುತ್ತದೆ. 2025ರ ಜುಲೈಯಲ್ಲಿ ಶ್ರೀಲಂಕಾದ ಸುಪ್ರೀಂ ಕೋರ್ಟ್ ನೂರು ಕೋಟಿ ಡಾಲರ್ ಪರಿಹಾರಕ್ಕೆ ಆದೇಶಿಸಿತು. ಇಷ್ಟಾದರೂ ಅಂತರರಾಷ್ಟ್ರೀಯ ಸಾಗಣೆ ನಿಯಮದಲ್ಲಿ ಗುಳಿಗೆ ಇನ್ನೂ ಅಪಾಯಕಾರಿ ಸರಕಲ್ಲ. ಗಟ್ಟಿ ಚೀಲ ಬಳಸಿ, ಕಂಟೇನರಿನ ಮೇಲೆ ಬರೆಯಿರಿ, ಡೆಕ್ಕಿನ ಕೆಳಗಿಡಿ ಎಂದು ಅಂತರರಾಷ್ಟ್ರೀಯ ಕಡಲ ಸಂಸ್ಥೆ 2024ರಲ್ಲಿ ಸೂಚನೆ ಕೊಟ್ಟಿದೆ. ಅದು ಸಲಹೆ ಮಾತ್ರ, ಕಡ್ಡಾಯವಲ್ಲ. ಇದು ಸರಿಯಲ್ಲ ಎಂದು ಹೇಳಲು ಕೇರಳದ ನಂತರ ಮತ್ತೊಂದು ಹಡಗು ಮುಳುಗುವ ತನಕ ಕಾಯಬೇಕಿಲ್ಲ.

ತಳದಲ್ಲಿ

ಕೆಳಗಿಳಿದದ್ದು ಬಹುಪಾಲು ಅಲ್ಲೇ ಉಳಿಯುತ್ತದೆ. ಪೆಸಿಫಿಕ್ಕಿನ ಮರಿಯಾನಾ ಕಂದಕದಲ್ಲಿ 10,898 ಮೀಟರ್ ಆಳದಲ್ಲಿ ಪ್ಲಾಸ್ಟಿಕ್ ತೊಟ್ಟೆಯ ಚಿತ್ರ ಸಿಕ್ಕಿದ್ದು 1998ರಲ್ಲೇ. ಆಸ್ಟ್ರೇಲಿಯದ ಸಿಎಸ್‌ಐಆರ್‌ಒ ಎಂಬ ಸಂಶೋಧನಾ ಸಂಸ್ಥೆ 2020ರಲ್ಲಿ ಜಗತ್ತಿನ ಕಡಲ ತಳದ ಸೂಕ್ಷ್ಮ ಪ್ಲಾಸ್ಟಿಕ್ಕನ್ನು 1.4 ಕೋಟಿ ಟನ್ ಎಂದು ಅಂದಾಜಿಸಿತು; ಮೇಲೆ ತೇಲುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ತಳದಲ್ಲೂ ಅದು ಸಮನಾಗಿ ಹರಡಿಲ್ಲ. ತಳದ ಸೆಳವುಗಳು ಹೂಳನ್ನು ಎಲ್ಲಿ ಗುಡ್ಡೆ ಹಾಕುತ್ತವೋ ಪ್ಲಾಸ್ಟಿಕ್ಕನ್ನೂ ಅಲ್ಲೇ ಹಾಕುತ್ತವೆ. ಇಟಲಿಯ ಪಕ್ಕದ ಟಿರ್‍ಹೇನಿಯನ್ ಸಮುದ್ರದಲ್ಲಿ ಒಂದು ಚದರ ಮೀಟರ್ ತಳದಲ್ಲಿ 19 ಲಕ್ಷ ಚೂರುಗಳ ತನಕ ಸಿಕ್ಕಿವೆ, ಹೆಚ್ಚಿನವು ಬಟ್ಟೆಯ ಎಳೆಗಳು. ಈ ಆಳದಿಂದ ಪ್ಲಾಸ್ಟಿಕ್ ತೆಗೆಯುವ ಯಾವ ವಿಧಾನವೂ ತಳದ ಜೀವಿಗಳನ್ನೂ ಕೆದಕಿ ತೆಗೆಯುತ್ತದೆ. ಅದನ್ನು ಲೆಕ್ಕದಿಂದ ಬಿಟ್ಟುಬಿಡುವುದೇ ಒಳ್ಳೆಯದು.

ಮೀನು, ಆಮೆ, ನಮ್ಮ ತಟ್ಟೆ

ಕಡಲಾಮೆ ತೊಟ್ಟೆಯನ್ನು ಅಂಬಲಿಮೀನೆಂದು ತಿನ್ನುತ್ತದೆ ಎನ್ನುವುದು ಕಣ್ಣಿಗೆ ಸಂಬಂಧಿಸಿದ ವಿವರಣೆ. ಮೂಗಿನ ಪಾತ್ರವೂ ಇದೆ. ಪ್ಲಾಸ್ಟಿಕ್ ಮೇಲೆ ಬೆಳೆದ ಪಾಚಿಯಿಂದ ಹೊರಡುವ ಡೈಮಿಥೈಲ್ ಸಲ್ಫೈಡ್ ಎಂಬ ಅನಿಲದ ವಾಸನೆ ಕಡಲಲ್ಲಿ ಮೇವು ಇರುವ ಗುರುತು; ಅದೇ ಗುರುತನ್ನು ಹಿಡಿದು ಕಡಲಹಕ್ಕಿಗಳು ಪ್ಲಾಸ್ಟಿಕ್ಕಿನತ್ತ ಹೋಗುತ್ತವೆ ಎಂದು 2016ರಲ್ಲಿ ಗೊತ್ತಾಯಿತು. ಪಾಚಿ ಹಿಡಿದ ಪ್ಲಾಸ್ಟಿಕ್ಕಿನ ವಾಸನೆಗೆ ಆಮೆಗಳು ಆಹಾರಕ್ಕೆ ತೋರುವ ಪ್ರತಿಕ್ರಿಯೆಯನ್ನೇ ತೋರುತ್ತವೆ ಎಂಬುದು 2020ರ ಪ್ರಯೋಗದಲ್ಲಿ ಕಂಡಿತು. ಹೊಟ್ಟೆಯಲ್ಲಿ 14 ತುಂಡು ಇದ್ದರೆ ಆಮೆ ಅದರಿಂದಲೇ ಸಾಯುವ ಸಾಧ್ಯತೆ ಶೇ. 50 ಎಂದು ಆಸ್ಟ್ರೇಲಿಯದ ಸತ್ತ ಆಮೆಗಳ ಅಧ್ಯಯನವೊಂದು ಲೆಕ್ಕ ಹಾಕಿದೆ.

ನಮ್ಮ ತಟ್ಟೆಯ ಮಟ್ಟಿಗೆ ಮೀನಿನ ಜಾತಿಗಿಂತ ತಿನ್ನುವ ಕ್ರಮ ಮುಖ್ಯ. ಚೂರುಗಳು ಹೆಚ್ಚಾಗಿ ಸಿಗುವುದು ಕರುಳಿನಲ್ಲಿ. ಬಂಗುಡೆಯ ಹೊಟ್ಟೆ ಬಿಡಿಸಿ ತೊಳೆಯುವಾಗ ಅದರ ದೊಡ್ಡ ಪಾಲು ಹೋಗುತ್ತದೆ. ಇಡಿಯಾಗಿ ತಿನ್ನುವ ಒಣ ಸಣ್ಣಮೀನು, ನೀರು ಸೋಸಿ ಮೇವು ಹಿಡಿಯುವ ಮರುವಾಯಿ, ಪಚ್ಚಿಲೆಯಂಥ ಚಿಪ್ಪುಮೀನುಗಳಲ್ಲಿ ಹಾಗಾಗುವುದಿಲ್ಲ. ಚಿಪ್ಪುಮೀನನ್ನು ಶುದ್ಧ ಉಪ್ಪುನೀರಿನಲ್ಲಿ ಕೆಲವು ಗಂಟೆ ಬಿಟ್ಟರೆ ಮರಳಿನ ಜೊತೆ ಚೂರುಗಳೂ ಒಂದಿಷ್ಟು ಹೊರಬೀಳುತ್ತವೆ. ಮೀನು ಬಿಡಬೇಕೆಂದು ಹೇಳುವ ಆಧಾರ ಯಾವುದೂ ಇಲ್ಲ. ಮನುಷ್ಯನ ಆರೋಗ್ಯದ ಬಗ್ಗೆ ಹೆಚ್ಚು ಗಮನ ಸೆಳೆದದ್ದು 2024ರ ಇಟಲಿಯ ಅಧ್ಯಯನ: ಕತ್ತಿನ ರಕ್ತನಾಳದ ಕೊಬ್ಬಿನಲ್ಲಿ ಪ್ಲಾಸ್ಟಿಕ್ ಕಣ ಇದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಪ್ರಮಾಣ ಸುಮಾರು ನಾಲ್ಕೂವರೆ ಪಟ್ಟು ಹೆಚ್ಚಿತ್ತು. ಎರಡೂ ಜೊತೆಗಿದ್ದವು ಎಂದಷ್ಟೇ ಅದು ಹೇಳಿತು. ಪ್ಲಾಸ್ಟಿಕ್ಕೇ ಕಾರಣ ಎಂದಲ್ಲ, ಅದು ಮೀನಿನಿಂದ ಬಂತು ಎಂದೂ ಅಲ್ಲ.

ಬಲೆ ಎಂಬ ಬೇರೆಯೇ ಕಸ

ಪ್ಲಾಸ್ಟಿಕ್ ಕಸದಲ್ಲಿ ಕೊಲ್ಲಲಿಕ್ಕೆಂದೇ ಮಾಡಿದ ವಸ್ತು ಬಲೆ ಒಂದೇ. ಕಳೆದುಹೋದ ಮೇಲೂ ಅದು ತನ್ನ ಕೆಲಸ ಬಿಡುವುದಿಲ್ಲ. ನೀರಿನಲ್ಲಿ ಅಡ್ಡ ಬಿಟ್ಟು ಮೀನು ಹಿಡಿಯುವ ಪಟ್ಟಬಲೆಯ ಮೇಲಂಚಿನಲ್ಲಿ ಬುರುಡೆ, ಕೆಳಂಚಿನಲ್ಲಿ ಭಾರ. ಕಡಿದುಹೋದ ಬಲೆ ನೀರಿನಲ್ಲಿ ಗೋಡೆಯಂತೆ ನಿಂತು ಹಿಡಿಯುತ್ತಲೇ ಇರುತ್ತದೆ. ಸಿಕ್ಕಿದ್ದರ ತೂಕಕ್ಕೆ ಕುಸಿಯುತ್ತದೆ. ಏಡಿ, ಮೀನುಗಳು ಅದನ್ನು ತಿಂದು ಮುಗಿಸಿದಾಗ ಬುರುಡೆಗಳ ಬಲದಿಂದ ಮತ್ತೆ ಏಳುತ್ತದೆ. ಮಾಲ್ಡೀವ್ಸ್‌ನ ಮೀನುಗಾರಿಕೆ ಮುಖ್ಯವಾಗಿ ಗಾಳದ್ದು, ಆದರೂ ಅಲ್ಲಿ ಆಮೆಗಳು ಬಲೆಗೆ ಸಿಕ್ಕಿ ಸಾಯುತ್ತವೆ. ಆ ಬಲೆಗಳು ಹೊರಗಿನಿಂದ ತೇಲಿಬಂದವು, ಭಾರತ ಮತ್ತು ಶ್ರೀಲಂಕಾದವೂ ಅದರಲ್ಲಿವೆ.

ಬಲೆ ಕಳೆದುಕೊಳ್ಳಲು ಮೀನುಗಾರನಿಗೆ ಇಷ್ಟವಿರುವುದಿಲ್ಲ, ಅದು ಲಕ್ಷಗಟ್ಟಲೆ ರೂಪಾಯಿಯ ಬಂಡವಾಳ. ಕಳೆಯುವುದಕ್ಕೆ ಕಾರಣಗಳು ಗೊತ್ತಿರುವಂಥವು: ಬೋಟು ಎಳೆದೊಯ್ಯುವ ಟ್ರಾಲ್ ಬಲೆ ತಳದ ಪಾರೆಗೆ ಸಿಕ್ಕಿಕೊಳ್ಳುವುದು, ರಾತ್ರಿ ಬಿಟ್ಟ ಪಟ್ಟಬಲೆಯ ಮೇಲೆ ಟ್ರಾಲ್ ಬೋಟು ಹಾದುಹೋಗುವುದು, ಏಕಾಏಕಿ ಗಾಳಿ ಎದ್ದಾಗ ಹಗ್ಗ ಕಡಿದು ಬರಬೇಕಾಗುವುದು. ಬಲೆಯ ಎರಡೂ ತುದಿಗೆ ಬೆಳಕಿನ ಬುರುಡೆ, ಬುರುಡೆಯ ಮೇಲೆ ಬೋಟಿನ ನೋಂದಣಿ ಸಂಖ್ಯೆ, ಕಡಿದುಹೋದ ಜಾಗದ ಜಿಪಿಎಸ್ ಅಂಕಿಯನ್ನು ದಕ್ಕೆಯಲ್ಲಿ (ಬೋಟು ನಿಲ್ಲುವ ಕಟ್ಟೆಯಲ್ಲಿ) ಬರೆದಿಡುವ ಪುಸ್ತಕ, ಈ ಮೂರಕ್ಕೆ ಖರ್ಚು ಅಲ್ಪ. ನಷ್ಟವಾದ ಬಲೆಯ ಜಾಗ ಹೇಳಿದವರಿಗೆ ದಂಡ ಹಾಕುತ್ತಾರೆಂಬ ಭಯವಿದ್ದರೆ ಮಾತ್ರ ಆ ಪುಸ್ತಕ ಖಾಲಿಯೇ ಉಳಿಯುತ್ತದೆ.

ದಕ್ಕೆಯಲ್ಲೇ ಆಗುವ ಇನ್ನೊಂದು ಸೋರಿಕೆ ಕಣ್ಣೆದುರೇ ಇದೆ. ಕರ್ನಾಟಕದಲ್ಲಿ ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರ ತನಕ 61 ದಿನ ರಜೆ. ಬಲೆ ರಿಪೇರಿ ನಡೆಯುವುದು ಆಗಲೇ. ಕತ್ತರಿಸಿದ ನೂಲಿನ ತುಂಡು, ಹಳೆ ಹಗ್ಗದ ತುದಿ, ಒಡೆದ ಬುರುಡೆ ನೆಲಕ್ಕೆ ಬೀಳುತ್ತವೆ. ವರ್ಷದಲ್ಲಿ ಅತಿ ಜೋರು ಮಳೆಯೂ ಅದೇ 61 ದಿನ. ಬಿದ್ದದ್ದೆಲ್ಲ ಸಂಜೆಯೊಳಗೆ ಬಂದರಿನ ನೀರಿನಲ್ಲಿರುತ್ತದೆ. ಬಲೆ ಹೊಲಿಯುವ ಜಾಗಕ್ಕೆ ಮಾಡು, ಕೆಳಗೆ ಟಾರ್ಪಾಲು, ಪಕ್ಕದಲ್ಲಿ ಎರಡು ಡ್ರಮ್ಮು, ಒಂದು ನೈಲಾನಿಗೆ, ಒಂದು ಉಳಿದ ಹಗ್ಗಕ್ಕೆ. ಬೇರ್ಪಡಿಸಿದ ನೈಲಾನಿಗೆ ಗುಜರಿಯಲ್ಲಿ ಬೆಲೆ ಇದೆ, ಎರಡೂ ಬೆರೆತರೆ ಯಾರೂ ಕೊಳ್ಳುವುದಿಲ್ಲ.

ಟ್ರಾಲ್ ಬಲೆಯಲ್ಲಿ ಮೀನಿನ ಜೊತೆ ಬರುವ ಪ್ಲಾಸ್ಟಿಕ್ಕನ್ನು ಮೀನುಗಾರರು ಮತ್ತೆ ಕಡಲಿಗೇ ಹಾಕುವುದಕ್ಕೂ ಕಾರಣ ಇದೇ: ದಕ್ಕೆಗೆ ತಂದರೆ ತೆಗೆದುಕೊಳ್ಳುವವರಿಲ್ಲ. ಕೇರಳದ ಕೊಲ್ಲಂ ಬಳಿಯ ಶಕ್ತಿಕುಳಙರ ಬಂದರಿನಲ್ಲಿ 2017ರಲ್ಲಿ ಶುರುವಾದ ಶುಚಿತ್ವ ಸಾಗರಂ ಯೋಜನೆ ಬೋಟುಗಳಿಗೆ ಚೀಲ ಕೊಟ್ಟು, ತಂದದ್ದನ್ನು ಬಂದರಿನಲ್ಲೇ ಬೇರ್ಪಡಿಸಿ, ತೊಳೆದು, ಕತ್ತರಿಸಿ ರಸ್ತೆಗೆ ಬಳಸುವ ವ್ಯವಸ್ಥೆ ಮಾಡಿತು. ಮಲ್ಪೆ, ಮಂಗಳೂರು, ಗಂಗೊಳ್ಳಿಯಂಥ ಬಂದರುಗಳಿಗೆ ಇದು ಹೇಳಿಮಾಡಿಸಿದ ಮಾದರಿ. ತೊಳೆಯುವ ಹಂತವನ್ನು ಮಾತ್ರ ಬಿಡುವಂತಿಲ್ಲ. ಕಡಲ ಪ್ಲಾಸ್ಟಿಕ್ಕಿನಲ್ಲಿ ಉಪ್ಪಿನ ಕ್ಲೋರಿನ್ ಇರುವುದರಿಂದ ಪ್ಲಾಸ್ಟಿಕ್ಕನ್ನು ಉರುವಲಾಗಿ ಬಳಸುವ ಸಿಮೆಂಟ್ ಗೂಡಿನವರು ತಿರಸ್ಕರಿಸುತ್ತಾರೆ, ಮರಳು ಉಳಿದರೆ ಕತ್ತರಿಸುವ ಯಂತ್ರದ ಅಲಗು ಹೋಗುತ್ತದೆ.

ದಡ ಶುಚಿ ಮಾಡುವಾಗ

ಕರಾವಳಿಯ ಹೆಚ್ಚಿನ ಶುಚಿ ಕಾರ್ಯಕ್ರಮಗಳು ಗಾಂಧಿ ಜಯಂತಿಗೆ ಅಥವಾ ಸೆಪ್ಟೆಂಬರಿನಲ್ಲಿ ನಡೆಯುತ್ತವೆ. ಮಳೆಗಾಲ ತಂದು ಹಾಕಿದ್ದನ್ನು ಬಿಸಿಲು ಪುಡಿ ಮಾಡುವ ಮೊದಲೇ ಹೆಕ್ಕಿದಂತಾಗುತ್ತದೆ, ಹಾಗಾಗಿ ಈ ಕಾಲ ಒಳ್ಳೆಯದೇ. ಅದರಷ್ಟೇ ಅಗತ್ಯವಾದ ಇನ್ನೊಂದು ಸುತ್ತು ಮೇ ಮೂರನೆಯ ವಾರದಲ್ಲಿ, ದಡದಲ್ಲಲ್ಲ, ತೋಡು ಮತ್ತು ಅಳಿವೆಯ ಅಂಚಿನಲ್ಲಿ. ಮಳೆ ಬಿದ್ದ ಮೇಲೆ ಅಲ್ಲಿ ಏನೂ ಉಳಿದಿರುವುದಿಲ್ಲ.

ಜೆಸಿಬಿ ಇಳಿಸಬೇಡಿ. ಅದು ಮರಳನ್ನೂ, ಮರಳು ಹಿಡಿದಿಡುವ ಅಡುಂಬು ಬಳ್ಳಿಯನ್ನೂ ಕಿತ್ತೆಸೆಯುತ್ತದೆ. ಕುಂದಾಪುರದ ಕೋಡಿ, ಹೊನ್ನಾವರದ ಕಾಸರಕೋಡಿನಂಥ ಕಡೆ ಕಡಲಾಮೆ ಮೊಟ್ಟೆಗಳೂ ಹೋಗಬಹುದು. ಭರತದ ಗೆರೆಯಲ್ಲಿ (ಉಬ್ಬರದ ನೀರು ತಲುಪುವ ಅಂಚಿನಲ್ಲಿ) ಸಾಲಾಗಿ ನಡೆದು ಕೈಯಿಂದ ಹೆಕ್ಕಬೇಕು. ಮೊದಲು ಥರ್ಮಾಕೋಲ್ ಮತ್ತು ಪೆಡಸಾದ ಹಗ್ಗ, ಏಕೆಂದರೆ ಪುಡಿಯಾಗಲು ತಯಾರಾಗಿರುವುದು ಅವೇ. ಗಟ್ಟಿ ಬಾಟಲಿ ಒಂದು ವಾರ ಕಾದರೂ ನಡೆಯುತ್ತದೆ. ಬಾಟಲಿ ಮತ್ತು ಗಟ್ಟಿ ಪ್ಲಾಸ್ಟಿಕ್, ತೊಟ್ಟೆ ಮತ್ತು ಪ್ಯಾಕೆಟ್, ಬಲೆ ಮತ್ತು ಹಗ್ಗ ಎಂದು ಮೂರು ಚೀಲ. ಎಲ್ಲ ಒಂದೇ ಚೀಲಕ್ಕೆ ತುಂಬಿದರೆ ಆಮೇಲೆ ಬೇರ್ಪಡಿಸುವವರು ಸಿಗದೆ ಅದು ಡಂಪಿಂಗ್ ಯಾರ್ಡಿಗೆ ಹೋಗುತ್ತದೆ, ಅಲ್ಲಿಂದ ಮುಂದಿನ ಮಳೆಗೆ ಮತ್ತೆ ತೋಡಿಗೆ. ದಡದಲ್ಲೇ ಬೆಂಕಿ ಹಾಕುವುದು ಎಲ್ಲಕ್ಕಿಂತ ಕೆಟ್ಟದ್ದು. ಕರಗಿದ ಪ್ಲಾಸ್ಟಿಕ್ ಮರಳು, ಚಿಪ್ಪುಗಳನ್ನು ಸೇರಿಸಿಕೊಂಡು ಕಲ್ಲಿನಂತೆ ಗಟ್ಟಿಯಾಗುತ್ತದೆ. ಅದನ್ನು ಆಮೇಲೆ ಯಾರೂ ಕಸವೆಂದು ಗುರುತಿಸುವುದಿಲ್ಲ.

ನದಿಗೆ ಅಡ್ಡ ಕಟ್ಟುವ ತೇಲು ತಡೆಗಳಿಗೂ ಮಿತಿ ಇದೆ. ಅವು ಮೇಲ್ಮೈಯನ್ನಷ್ಟೇ ತಡೆಯುತ್ತವೆ, ಮುಳುಗಿದ ಬಾಟಲಿಯನ್ನು ಅಲ್ಲ. ನೀರಿನ ವೇಗ ಸೆಕೆಂಡಿಗೆ ಒಂದು ಮೀಟರ್ ಮೀರಿದರೆ ಹಿಡಿದ ಕಸವೂ ಅಡಿಯಿಂದ ನುಸುಳುತ್ತದೆ. ಜುಲೈ ತಿಂಗಳ ನೇತ್ರಾವತಿಗೆ ಅಡ್ಡ ಕಟ್ಟಿದರೆ ತಡೆಯೇ ಕಡಲು ಸೇರುತ್ತದೆ. ಊರೊಳಗಿನ ತೋಡುಗಳಲ್ಲಿ, ಹರಿವಿಗೆ ಓರೆಯಾಗಿ ಕಟ್ಟಿ, ಕಸ ಸೇರುವ ತುದಿಯಲ್ಲಿ ಮೆಟ್ಟಿಲು ಮಾಡಿ, ಮಳೆಗಾಲದಲ್ಲಿ ದಿನಾ ಖಾಲಿ ಮಾಡಿದರೆ ಫಲ ಸಿಗುತ್ತದೆ. ಖಾಲಿ ಮಾಡುವ ಇಬ್ಬರ ಸಂಬಳವನ್ನು ಟೆಂಡರಿನಲ್ಲಿ ಬರೆಯದೆ ತಡೆಯನ್ನಷ್ಟೇ ಖರೀದಿಸಿದಲ್ಲಿ ಮೂರನೆಯ ವಾರಕ್ಕೆ ಅದೇ ಒಂದು ಕಸದ ಅಣೆಕಟ್ಟಾಗಿ ಪಕ್ಕದ ಮನೆಗಳಿಗೆ ನೀರು ನುಗ್ಗುತ್ತದೆ.

ಕಾಲೇಜುಗಳಿಗೆ ಒಂದು ಕೆಲಸ. ಭರತದ ಗೆರೆಯಲ್ಲಿ 50 ಸೆಂಟಿಮೀಟರ್ ಚೌಕ ಇಟ್ಟು ಮೇಲಿನ 5 ಸೆಂಟಿಮೀಟರ್ ಮರಳು ತೆಗೆದು ಒಣಗಿಸಿ, 5 ಮಿಲಿಮೀಟರ್ ಮತ್ತು 1 ಮಿಲಿಮೀಟರ್ ಜರಡಿಯಲ್ಲಿ ಸೋಸಿ. ಒಂದು ಮಿಲಿಮೀಟರಿಗಿಂತ ಸಣ್ಣದನ್ನು ಲೀಟರಿಗೆ 360 ಗ್ರಾಂ ಉಪ್ಪು ಹಾಕಿದ ನೀರಿನಲ್ಲಿ ಕದಡಿ ತೇಲಿದ್ದನ್ನು ಸೋಸಿಕೊಳ್ಳಿ. ಈ ನೀರಿನ ಸಾಂದ್ರತೆ 1.2, ಬಾಟಲಿಯ ಪೆಟ್ ಇದರಲ್ಲೂ ತೇಲದು, ಅದಕ್ಕೆ ಜಿಂಕ್ ಕ್ಲೋರೈಡ್ ದ್ರಾವಣ ಬೇಕು. ಹಾಗಾಗಿ ಉಪ್ಪುನೀರಿನ ಎಣಿಕೆಯಲ್ಲಿ ಪೆಟ್ ಸೇರಿಲ್ಲ ಎಂದು ವರದಿಯಲ್ಲೇ ಬರೆಯಬೇಕು. ಅನುಮಾನದ ಚೂರಿಗೆ ಕಾದ ಸೂಜಿ ತಾಗಿಸಿ, ಪ್ಲಾಸ್ಟಿಕ್ ಆದರೆ ಮೆತ್ತಗಾಗುತ್ತದೆ ಅಥವಾ ಅಂಟುತ್ತದೆ. ಪಾಲಿಯೆಸ್ಟರ್ ಬಟ್ಟೆ ತೊಟ್ಟು ಈ ಕೆಲಸ ಮಾಡಿದರೆ ನಿಮ್ಮ ಅಂಗಿಯ ಎಳೆಗಳೇ ಎಣಿಕೆಗೆ ಸಿಗುತ್ತವೆ. ಹತ್ತಿ ಬಟ್ಟೆ ಹಾಕಿ, ಪಕ್ಕದಲ್ಲಿ ಒಂದು ಖಾಲಿ ತಟ್ಟೆ ತೆರೆದಿಟ್ಟು ಅದರ ಮೇಲೆ ಬಿದ್ದ ಎಳೆಗಳನ್ನು ಒಟ್ಟು ಲೆಕ್ಕದಿಂದ ಕಳೆಯಿರಿ. ಒಂದೇ ಜಾಗದಲ್ಲಿ ಮೇ, ಸೆಪ್ಟೆಂಬರ್, ಜನವರಿ ಮೂರು ಬಾರಿ ಮಾಡಿದರೆ ಸೆಳವು ದಿಕ್ಕು ಬದಲಿಸಿದಾಗ ದಡಕ್ಕೆ ಬರುವುದು ಹೇಗೆ ಬದಲಾಗುತ್ತದೆ ಎಂಬುದು ಕಾಣುತ್ತದೆ.

ಪ್ಲಾಸ್ಟಿಕ್ ಉತ್ಪಾದನೆಗೇ ಮಿತಿ ಹಾಕಬೇಕೇ ಎಂಬ ವಿಷಯದಲ್ಲಿ ದೇಶಗಳು ಒಮ್ಮತಕ್ಕೆ ಬರದೆ ಜಾಗತಿಕ ಒಪ್ಪಂದದ ಮಾತುಕತೆ 2024ರ ಡಿಸೆಂಬರಿನಲ್ಲಿ ಬುಸಾನಿನಲ್ಲೂ, 2025ರ ಆಗಸ್ಟಿನಲ್ಲಿ ಜಿನೀವಾದಲ್ಲೂ ಮುರಿದುಬಿತ್ತು. ಕರ್ನಾಟಕ 2016ರ ಮಾರ್ಚ್‌ನಲ್ಲೇ ತೊಟ್ಟೆ, ಲೋಟ, ಚಮಚಗಳನ್ನು ನಿಷೇಧಿಸಿತು, 2022ರ ಜುಲೈ 1ರಿಂದ ದೇಶವಿಡೀ ಹಲವು ಏಕಬಳಕೆ ವಸ್ತುಗಳಿಗೆ ನಿಷೇಧ ಬಂತು. ಆದರೆ ಭರತದ ಗೆರೆಯಲ್ಲಿ ಹೆಕ್ಕಿದ ಚೀಲ ಸುರಿದರೆ ನಿಷೇಧಿತ ಲೋಟ, ಚಮಚಗಳ ಜೊತೆ ನಿಷೇಧದ ಪಟ್ಟಿಯಲ್ಲಿಲ್ಲದ ಚಿಪ್ಸ್, ಶಾಂಪೂ, ಹಾಲಿನ ಪ್ಯಾಕೆಟ್‌ಗಳೂ ಇರುತ್ತವೆ. ಹಾಲಿನ ಪ್ಯಾಕೆಟ್ ಒಂದೇ ಬಗೆಯ ಪಾಲಿಥೀನ್, ಗುಜರಿಯವರು ಕೊಳ್ಳುತ್ತಾರೆ. ಮೂಲೆ ಕತ್ತರಿಸುವಾಗ ತುಂಡನ್ನು ಪೂರ್ತಿ ಬೇರ್ಪಡಿಸದೆ ಪ್ಯಾಕೆಟ್ಟಿಗೇ ಅಂಟಿಕೊಂಡಿರಲು ಬಿಟ್ಟರೆ ಆ ಮೂಲೆಯೂ ಜೊತೆಗೇ ಗುಜರಿಗೆ ಹೋಗುತ್ತದೆ. ಶಾಂಪೂ ಪ್ಯಾಕೆಟ್ಟಿನಲ್ಲಿ ಎರಡು ಮೂರು ಬಗೆಯ ಪದರ ಅಂಟಿಕೊಂಡಿರುವುದರಿಂದ ಬೇರ್ಪಡಿಸಿಕೊಟ್ಟರೂ ಕೊಳ್ಳುವವರಿಲ್ಲ. ಅದಕ್ಕೆ ಉತ್ತರ ಹೇಳಬೇಕಾದವರು ಅದನ್ನು ಮಾಡಿ ಮಾರುವ ಕಂಪನಿಗಳು.